ಅರ್ಜಿಯಲ್ಲಿರುವ ಗಾದ್ರಮ್ಮ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ

ಹಾಲು ಡೇರಿಗೆ ಹೋಯಿತು. ಮೆಕ್ಕೆಜೋಳದ ತೆನೆ ಮುರಿಯಲು ಆರು ಜನ ಬರುತ್ತೇವೆ ಎಂದವರು ನಾಲ್ವರು ಬಂದರು. ಎಮ್ಮೆ ಇವತ್ತೂ ಸರಿಯಾಗಿ ಮೇಯಲಿಲ್ಲ.

ಸೊಸೆ ಆಶಾ ಪಡಸಾಲೆಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಾಳೆ. ಒಂಬತ್ತು ಮಕ್ಕಳಿದ್ದರು, ಇವತ್ತು ಎಂಟು. ಕಸ್ತೂರಮ್ಮ ತನ್ನ ಮೊಮ್ಮಗಳನ್ನು ಬಿಡಿಸಿದಳಂತೆ. ಡೇರಿ ಮುಂದೆ ಸಿಕ್ಕಳು. ಕೇಳಿಯೇಬಿಟ್ಟೆ.

"ತಪ್ಪು ತಿಳ್ಕೋಬ್ಯಾಡ್ರಿ. ನ್ಯಾಮತಿಗೆ ಎಮ್ಮೆಸ್ಸಿ ಓದಿದ ಮೇಷ್ಟ್ರು ಬಂದಾರೆ. ನಿಮ್ಮ ಸೊಸೆದು ಬರೀ ಬಿಎಸ್ಸಿ ಅಲ್ವಾ?"

ಬರೀ! ನಮ್ಮ ಮನೆಯ ಸೊಸೆಗೆ!

"ನಿಮ್ಮ ಮೊಮ್ಮಗಳು ಎರಡು ಸಲ ಫೇಲಾಗಿದ್ದು ಬರೀ ಪಿಯುಸಿನೇ ಅಲ್ಲೇನ್ರಿ?" ಎಂದು ಬಂದೆ.

ಸಂಜೆ

ಆಶಾಳನ್ನು ಕರೆದೆ. ಎಮ್ಮೆಸ್ಸಿ ಸೇರಲು ಏನೇನು ಬೇಕು ಎಂದು ಕೇಳಿದೆ. ಹೆದರಿದಳು... ಬೈಯುತ್ತೇನೆ ಅಂದುಕೊಂಡಳೋ ಏನೋ. ಮೊಬೈಲ್ ತೆಗೆದು ತಕ್ಷಣ ಓದಿದಳು. ಹುಡುಕಬೇಕಾಗಲಿಲ್ಲ. ಮೊದಲೇ ತೆಗೆದಿಟ್ಟುಕೊಂಡಿದ್ದಾಳೆ. ಎಷ್ಟು ದಿನದಿಂದ? ಕೇಳಲಿಲ್ಲ.

ಬಿಎಸ್ಸಿಯ ಮೂರೂ ವರ್ಷ ಕೆಮಿಸ್ಟ್ರಿ ಓದಿರಬೇಕು — ಓದಿದ್ದಾಳೆ. ನೂರಕ್ಕೆ ನಲವತ್ತೈದು ಬೇಕು, ನಮ್ಮ ಎಸ್‌ಟಿಯವರಿಗೆ ನಲವತ್ತು ಸಾಕು. ಅವಳದು ಎಪ್ಪತ್ತೊಂದು. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಥಿಯರಿ, ಲ್ಯಾಬ್ ಎರಡರಲ್ಲೂ ಪಾಸಾಗಬೇಕು. ಕೊನೆಗೆ ಪ್ರಾಜೆಕ್ಟ್. ಹಾಜರಿ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮದುವೆಯಾದವರು ಬರಬಾರದು ಎಂದು ಎಲ್ಲೂ ಇಲ್ಲ. ಎರಡು ಸಲ ಓದಿಸಿದೆ.

"ಅರ್ಜಿ ಹಾಕು."

"ನಿಮ್ಮ ಮಗ ಏನಂತಾರೋ..."

"ಅವನಿಗೆ ನಾನು ಹೇಳ್ತೀನಿ."

ಸೆಪ್ಟೆಂಬರ್ 10

ಮಗ ಸಿದ್ದೇಶನಿಗೆ ಹೇಳಿದೆ. ಹೊನ್ನಾಳಿಯಲ್ಲಿ ಲೈನ್‌ಮನ್. ಕಂಬ ಹತ್ತಲು ಹೆದರದವನು ಇದಕ್ಕೆ ಹೆದರುತ್ತಾನೆ.

"ಅವ್ವ, ಮನೆ ಕೆಲಸ ಯಾರು ಮಾಡ್ತಾರೆ?"

"ಆಕೆ ಬರಾಕೆ ಮುಂಚೆ ಯಾರು ಮಾಡ್ತಿದ್ರೋ ಅವರು."

"ಜನ ಏನಂತಾರೆ?"

"ಕರೆಂಟ್ ಹೋದಾಗ ಜನ ನಿನಗೆ ಏನೇನಂತಾರೆ? ಅದನ್ನ ಕೇಳ್ಕೊಂಡೂ ಅನ್ನ ಉಣ್ತೀಯಲ್ಲ."

ಮೊಮ್ಮಗಳು ಯುಕೆಜಿ, ನನ್ನ ಹತ್ತಿರ ಇರುತ್ತಾಳೆ. ತೀರ್ಮಾನವಾಯಿತು.

ಸೆಪ್ಟೆಂಬರ್ 26, ಶುಕ್ರವಾರ

ಲಿಸ್ಟಿನಲ್ಲಿ ಹೆಸರು ಬಂತು. ದಾಖಲೆ ತೋರಿಸಲು ದಾವಣಗೆರೆಗೆ ನಾನೂ ಹೋದೆ. ಲಿಸ್ಟಿನಲ್ಲಿದ್ದ ಹೆಸರು — ಗಾದ್ರಮ್ಮ. ಅರ್ಜಿಗೆ ಮಾರ್ಕ್ಸ್‌ಕಾರ್ಡಿನ ಹೆಸರನ್ನೇ ಹಾಕಬೇಕಂತೆ. ಹಾಕಿದ್ದಾಳೆ. ನನಗೆ ಹೇಳಿರಲಿಲ್ಲ.

ಕೌಂಟರಿನಲ್ಲಿ ಕನ್ನಡಕದ ಮೇಡಮ್ಮು ಒಂದೊಂದೇ ಕಾಗದ ತಿರುವಿದರು. "ಮಾರ್ಕ್ಸ್‌ಕಾರ್ಡಿನಾಗೆ ಗಾದ್ರಮ್ಮ. ಆಧಾರ್‌ನಾಗೆ ಆಶಾ. ಜಾತಿ ಸರ್ಟಿಫಿಕೇಟೂ ಆಶಾ. ಇಬ್ಬರೂ ಒಬ್ಬರೇ ಅನ್ನಾಕೆ ಏನೈತ್ರಿ?"

"ನಾನಿದೀನಿ."

"ನೀವ್ಯಾರು?"

"ಗಾದ್ರಮ್ಮ."

ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಂಗಾದ್ರೆ ಸೀಟು ನಿಮಗೋ ಇವರಿಗೋ?"

ಹಿಂದಿನ ಸಾಲು ನಕ್ಕಿತು. ಅಕ್ಟೋಬರ್ ಆರರೊಳಗೆ ನೋಟರಿಯ ಅಫಿಡವಿಟ್ ತರಬೇಕು. ತರದಿದ್ದರೆ ಸೀಟು ಮುಂದಿನವರಿಗೆ.

ಇದು ನನ್ನದೇ ಕೆಲಸ. ಜಗಳೂರು ಕಡೆಯ ಹುಡುಗಿ. ಏಳು ವರ್ಷದ ಹಿಂದೆ ತಂದುಕೊಂಡಾಗ ಅವಳ ಹೆಸರೂ ಗಾದ್ರಮ್ಮ. ಅತ್ತೆಯ ಹೆಸರು ಸೊಸೆಗೆ ಇರಬಾರದು, ನಮ್ಮಲ್ಲಿ ಹಾಗೇ. ಮಗ ಹೆಂಡತಿಯನ್ನು ಕರೆದರೆ ತಾಯಿಯ ಹೆಸರು ಹಿಡಿದಂತೆ. ಮೈದುನ ಅತ್ತಿಗೆಯ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಮನೆ ತುಂಬಿಸಿಕೊಂಡ ದಿನ ತಟ್ಟೆಯ ಅಕ್ಕಿಯಲ್ಲಿ 'ಆಶಾ' ಎಂದು ಬೆರಳಿನಿಂದ ನಾನೇ ಬರೆದೆ. ಆಮೇಲೆ ಆಧಾರ್, ರೇಷನ್ ಕಾರ್ಡು, ಎಲ್ಲವನ್ನೂ ತಿದ್ದಿಸಿದೆ. ಅರ್ಧಂಬರ್ಧ ಕೆಲಸ ನನಗಾಗದು. ಮಾರ್ಕ್ಸ್‌ಕಾರ್ಡು ಮಾತ್ರ ಬಿಟ್ಟೆ. ಅದು ಇನ್ನು ಬೇಕಾಗುವುದಿಲ್ಲ ಎಂದುಕೊಂಡಿದ್ದೆ.

ಸೆಪ್ಟೆಂಬರ್ 27

ಸಿದ್ದೇಶ ಹೊನ್ನಾಳಿಯ ನೋಟರಿಯನ್ನು ಕೇಳಿ ಬಂದ. ಎರಡು ದಾರಿ. ಎರಡು ಹೆಸರೂ ಒಬ್ಬಳವೇ, ಇನ್ನು ಮುಂದೆ ಆಶಾ ಎಂದು ಬರೆಸಬಹುದು. ಇಲ್ಲವೆ, ಇನ್ನು ಮುಂದೆ ಗಾದ್ರಮ್ಮ ಎಂದು ಬರೆಸಿ ಆಧಾರ್ ಮೊದಲಾಗಿ ಎಲ್ಲವನ್ನೂ ವಾಪಸ್ ತಿದ್ದಿಸಬೇಕು. ಮೊದಲನೆಯದು ಸಲೀಸು ಎಂದ.

ಅವಳು ರೊಟ್ಟಿ ಬಡಿಯುತ್ತಿದ್ದಳು. "ನಿನಗೆ ಯಾವ ಹೆಸರು ಬೇಕು?"

ಕೈ ನಿಂತಿತು. "ಏಳು ವರ್ಷ ಆದ್ಮೇಲೆ ಈಗ ಕೇಳ್ತೀರಿ."

"ಹೂಂ. ಈಗ ಕೇಳ್ತೀನಿ."

"ಗಾದ್ರಮ್ಮ."

"ಅದು ನನ್ನ ಹೆಸರು."

"ನಂದೂ ಹೌದು ಅತ್ತೆ. ನಿಮ್ಮ ಹತ್ರ ಇಸ್ಕೊಂಡಿದ್ದಲ್ಲ. ನಮ್ಮಜ್ಜಿ ಇಟ್ಟಿದ್ದು. ಬಿಎಸ್ಸಿ ಓದಿದಾಕೆ ಗಾದ್ರಮ್ಮ. ಆಶಾ ಒಂದು ದಿನಾನೂ ಕಾಲೇಜಿಗೆ ಹೋಗಿಲ್ಲ."

ಎದುರುತ್ತರ. ನನಗೆ! ಎದ್ದು ಬಂದೆ.

ಅಕ್ಟೋಬರ್ 4, ಶನಿವಾರ

ಏಳು ದಿನ ಬರೆಯಲಿಲ್ಲ. ಅವಳೊಂದಿಗೆ ಮಾತೂ ಆಡಲಿಲ್ಲ. ಹಬ್ಬ ಹಾಗೇ ಮುಗಿಯಿತು. ಅವಳು ಕ್ಷಮೆ ಕೇಳಲಿಲ್ಲ. ರೊಟ್ಟಿ ಮಾತ್ರ ಬಿಸಿಯಾಗಿಯೇ ಬಡಿಸಿದಳು. ಹಟ ನನ್ನಷ್ಟೇ ಇದೆ.

ನಿನ್ನೆ ಮೈದುನ ಗೋಣೆಪ್ಪ ಬಂದಿದ್ದ. ಪಕ್ಕದ ಮನೆ, ಎಲ್ಲ ಗೊತ್ತು.

"ಹೆಸರಿನ ನೆಪದಾಗೆ ಸೀಟು ಹೋದ್ರೆ ಹೋಗ್ಲಿ ಬಿಡ್ರಿ ಅತ್ಗೆ. ಮನೆ ಹೆಂಗಸು ದಿನಾ ದಾವಣಗೆರೆಗೆ ಬಸ್ ಹತ್ತಾದು ಚಂದ ಅಲ್ಲ. ನೀವು ಹೆಸರು ಬದಲಿಸಿದ್ದೇ ಸರಿ."

ಗೋಣೆಪ್ಪ ನನ್ನನ್ನು ಸರಿ ಎಂದನೆಂದರೆ ನಾನು ತಪ್ಪಿರಲೇಬೇಕು.

ಬೆಳಿಗ್ಗೆ ಸಿದ್ದೇಶನ ಬೈಕು ಹತ್ತಿದೆ. ಅವಳು ಬಸ್ಸಿನಲ್ಲಿ ಬಂದಳು. ಹೊನ್ನಾಳಿಯಲ್ಲಿ ಟೈಪ್ ಮಾಡುವವನು ಕೇಳಿದ: "ಹೆಸರು ಬದಲಾದ ಕಾರಣ ಏನ್ ಹಾಕ್ಲಿ ಅಮ್ಮ? ಸಂಪ್ರದಾಯ ಅಂತ ಹಾಕ್ಲಾ?"

"ಬ್ಯಾಡ. ಅತ್ತೆ ಬದಲಿಸಿದಳು ಅಂತ ಹಾಕ್ರಿ," ಎಂದೆ.

"ಹಂಗೆ ಯಾರೂ ಹಾಕ್ಸಲ್ಲ ಅಮ್ಮ."

"ನಾನು ಹಾಕಿಸ್ತೀನಿ. ಸಾಕ್ಷಿ ಸೈನೂ ನಾನೇ ಮಾಡ್ತೀನಿ."

ಇನ್ನು ಮುಂದೆ ಗಾದ್ರಮ್ಮ ಎಂದೇ ಬರೆಸಿದೆ. ಒಂದೇ ಹಾಳೆಯಲ್ಲಿ ಇಬ್ಬರ ಸೈನು, ಒಂದರ ಕೆಳಗೊಂದು. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಒಂದು ಸೋಡಾ ಹಂಚಿಕೊಂಡು ಕುಡಿದೆವು.

ಬರುವಾಗ ಸಿದ್ದೇಶ ಗೊಣಗಿದ. "ಇನ್ಮೇಲೆ ಹೆಂಡ್ತಿನ ಕರೆಯಾಕೆ ಅವ್ವನ ಹೆಸರು ಹಿಡೀಬೇಕಾ?"

"ಇಷ್ಟು ದಿನ ಹೆಂಗೆ ಕರೀತಿದ್ದೆ?"

"ಏ... ಅಂತ."

"ಮತ್ತೇನು ಕಷ್ಟ ನಿನಗೆ?"

ಅಕ್ಟೋಬರ್ 6

ಸೀಟು ಆಯಿತು. ಬೇರೇನೂ ಬರೆಯುವ ಮನಸ್ಸಿಲ್ಲ.

ನವೆಂಬರ್ 19, ಬುಧವಾರ

ಅವಳು ಆರಕ್ಕೆ ಹೊರಟರೆ ಸಂಜೆಯೇ ಬರುವುದು. ಟ್ಯೂಷನ್ ಭಾನುವಾರ ಮಾತ್ರ. ಆದರೂ ಎಂಟೂ ಮಕ್ಕಳು ಬರುತ್ತಾರೆ. ರೊಟ್ಟಿ ನನ್ನ ಪಾಲಿಗೆ ಬಂದಿದೆ. ಸೊಂಟ ಹಿಡಿಯುತ್ತದೆ. ಯಾರಿಗೂ ಹೇಳಿಲ್ಲ.

ಗೋಣೆಪ್ಪ ಬಂದ. ಶುಕ್ರವಾರ ಚನ್ನಗಿರಿಯಿಂದ ಅವನ ಮಗಳು ಅರ್ಪಿತಾಳನ್ನು ನೋಡಲು ಬರುತ್ತಾರೆ. ಮನೆಯ ಸೊಸೆ ಓಡಾಡಿಕೊಂಡಿರಬೇಕಂತೆ.

"ಶುಕ್ರವಾರ ಆಕೆಗೆ ಪ್ರಾಕ್ಟಿಕಲ್ ಐತೆ. ಬರಾಕಾಗಲ್ಲ."

"ಒಂದು ದಿನ ಅತ್ಗೆ! ಏನು ಮುಳುಗೋಗುತ್ತೆ?"

ಮುಳುಗುತ್ತದೆ. ಜ್ವರ ಬಂದು ಎಂಟು ದಿನ ತಪ್ಪಿದೆ. ಹಾಜರಿ ಎಪ್ಪತ್ತಾರಕ್ಕೆ ಇಳಿದಿದೆ. ಶುಕ್ರವಾರವೂ ತಪ್ಪಿದರೆ ಎಪ್ಪತ್ತೈದು ಉಳಿಯುವುದಿಲ್ಲ. ಅದನ್ನೆಲ್ಲ ಅವನಿಗೆ ಬಿಡಿಸಿ ಹೇಳಲು ಹೋಗಲಿಲ್ಲ.

"ನಾನು ಬರ್ತೀನಿ. ಉಪ್ಪಿಟ್ಟು ಕೆದಕಾಕೆ ಡಿಗ್ರಿ ಬೇಕಾಗಿಲ್ಲ."

ನವೆಂಬರ್ 21, ಶುಕ್ರವಾರ. ಮಧ್ಯಾಹ್ನ

ಚನ್ನಗಿರಿಯವರು ಬಂದರು. ಎಂಟು ಜನ. ಉಪ್ಪಿಟ್ಟು, ಬಾಳೆಹಣ್ಣು ಆಗಿತ್ತು. ನಾನು ಹೆಂಗಸರ ಜೊತೆ ಚಾಪೆಯ ಮೇಲೆ ಕೂತಿದ್ದೆ. ಗೋಣೆಪ್ಪ ನನ್ನ ಮುಖ ನೋಡಿಕೊಂಡೇ ಕೂಗಿದ —

"ಏ ಗಾದ್ರಮ್ಮಾ! ನೀರು ತಾ!"

ನಮ್ಮ ಹೆಂಗಸರೆಲ್ಲ ತಲೆ ತಗ್ಗಿಸಿದರು. ಈ ಮನೆತನಕ್ಕೆ ಬಂದು ಮೂವತ್ತೇಳು ವರ್ಷ. ಮೈದುನನ ಬಾಯಲ್ಲಿ ನನ್ನ ಹೆಸರು ಇವತ್ತೇ ಮೊದಲು.

"ಸೊಸೆನ ಕರೆದೆ ಅತ್ಗೆ. ಅಭ್ಯಾಸ ಆಗ್ಬೇಕಲ್ಲ," ಎಂದು ಹಲ್ಲು ಕಿರಿದ.

"ಆ ಗಾದ್ರಮ್ಮ ದಾವಣಗೆರೆಯಾಗೆ ಲ್ಯಾಬಿನಾಗೆ ಅದಾಳೆ. ಎಮ್ಮೆಸ್ಸಿ ಕೆಮಿಸ್ಟ್ರಿ. ಈ ಗಾದ್ರಮ್ಮ ಇಲ್ಲೇ ಕುಂತಾಳೆ, ನಿಮ್ಮಣ್ಣನ ಹೆಂಡ್ತಿ. ಯಾರ ಕೈ ನೀರು ಬೇಕಪ್ಪ ನಿನಗೆ?"

ಹುಡುಗನ ತಾಯಿ ಸೆರಗಿನಲ್ಲಿ ನಕ್ಕಳು. ಗೋಣೆಪ್ಪ ತಾನೇ ಎದ್ದು ಹೋಗಿ ಚೊಂಬು ತಂದ. ಎಲ್ಲರಿಗೂ ಅವನೇ ನೀರು ಕೊಟ್ಟ. ಹುಡುಗಿ ಒಪ್ಪಿಗೆಯಾಗಿದೆ.

ಸಂಜೆ, ಏಳು ಗಂಟೆ

ಬಂದಳು. ಬೆರಳ ತುದಿ ಹಳದಿಯಾಗಿದೆ. ಯಾವುದೋ ಆಸಿಡ್ಡಂತೆ. ತೊಳೆದರೆ ಹೋಗುವುದಿಲ್ಲ, ಚರ್ಮದ ಜೊತೆಗೇ ಉದುರಬೇಕಂತೆ. ಪ್ರಾಕ್ಟಿಕಲ್ ಆಯಿತು, ಹಾಜರಿ ಉಳಿಯಿತು. ಗೋಣೆಪ್ಪನ ಮನೆಯಲ್ಲಿ ಏನಾಯಿತು ಎಂದು ಕೇಳಿದಳು. ಹೇಳಿದೆ. ನಗಲಿಲ್ಲ. "ನನ್ನಿಂದ ನಿಮಗೆ ಮರ್ಯಾದೆ ಹೋಯ್ತಲ್ಲ ಅತ್ತೆ," ಎಂದಳು.

"ಹೆಸರು ಹಿಡಿದ್ರೆ ಸವೆದು ಹೋಗೋ ಮರ್ಯಾದೆ ಅಲ್ಲ ನಂದು. ರೆಕಾರ್ಡ್ ಬರಿ."

ಕೂತು ಬರೆಯುತ್ತಿದ್ದಾಳೆ. ನಾಳೆಗೆ ಕೊಡಬೇಕಂತೆ.

ಹೊರಗೆ ಗೋಣೆಪ್ಪನ ದನಿ. ಜೊತೆಗೆ ಊರಿನ ಇನ್ನಿಬ್ಬರು ಗಂಡಸರಿದ್ದಾರೆ. ಮಧ್ಯಾಹ್ನದ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಳದಲ್ಲಿ ನಿಂತು ಕೂಗುತ್ತಿದ್ದಾನೆ, ಅದೇ ಹೆಸರು. ಅವಳು ಪೆನ್ನಿಟ್ಟು ಎದ್ದಳು. ಕೂತು ಬರೆ ಎಂದೆ. ಅವನು ಕರೆದದ್ದು ಯಾರನ್ನಾದರೂ ಇರಲಿ, ಹೋಗುವವಳು ನಾನೇ.