ಮಾವನವರಿಗೆ ಕೇಳಿಸದ ಪಿಟೀಲು

ದಾಸನಕೊಪ್ಪ, ತಾಲ್ಲೂಕು ಶಿರಸಿ
೧೨ ಫೆಬ್ರುವರಿ ೧೯೩೮, ಶನಿವಾರ

ಬಾಯಿಂದ ಹೆಸರು ಹೇಳಬಾರದ, ಆದರೆ ಲಕೋಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯದಿದ್ದರೆ ಅಂಚೆಯವನು ಒಪ್ಪದ ನನ್ನ ಯಜಮಾನರಿಗೆ ಕಲ್ಲವ್ವನ ನಮಸ್ಕಾರ.

ಕ್ಷೇಮವೇ? ಕೊಲ್ಹಾಪುರದ ಖಾರಕ್ಕೆ ಹೊಟ್ಟೆ ಹೊಂದಿಕೊಂಡಿತೇ? ಪಿಟೀಲನ್ನು ಒತ್ತಿ ಒತ್ತಿ ಗದ್ದದ ಕೆಳಗೆ ಎದ್ದಿದ್ದ ಗುಳ್ಳೆ ಒಣಗಿತೇ? ಕೊಬ್ಬರಿ ಎಣ್ಣೆ ಹಚ್ಚಿರಿ, ಮರೆತರೆ ನನ್ನಾಣೆ. ಇಲ್ಲಿ ಅತ್ತೆಯವರು ಆರೋಗ್ಯ, ಎಮ್ಮೆ ಆರೋಗ್ಯ, ಮಾವನವರ ಸಿಟ್ಟೂ ದಷ್ಟಪುಷ್ಟವಾಗಿದೆ. ನಾನು ಮಾತ್ರ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಯಾಕೆಂದು ಮುಂದೆ ಓದಿ; ಓದುವಾಗ ಕೂತಿರಿ, ನಿಂತಿರಬೇಡಿ.

ದೀಪಾವಳಿಗೆ ನೀವು ಬಂದಾಗ ಮಾವನವರು ಕೊಟ್ಟ ತೀರ್ಪು ನೆನಪಿದೆಯಲ್ಲ: "ಟಾಕಿ ಕಂಪನ್ಯಾಗ ಪಿಟೀಲು ಬಾರಸ್ತೀನಿ ಅಂತಿ. ಅದು ನನ್ನ ಕಿವಿಗೆ ಬೀಳೂತನಕ ಸೊಸಿನ್ನ ಅಲ್ಲಿಗೆ ಕಳಸಂಗಿಲ್ಲ." ಅದಕ್ಕೇ ಅಲ್ಲವೇ ನೀವು ಕಂಪನಿಯವರು ಪರೀಕ್ಷೆಗೆಂದು ತೆಗೆದ ಆ ಗ್ರಾಮಫೋನ್ ತಟ್ಟೆಯನ್ನು ಬೇಡಿ ತೆಗೆದುಕೊಂಡು ಕಳಿಸಿದ್ದು? ತಟ್ಟೆ ಬಂದ ದಿನವೇ ನಾನು ಟ್ರಂಕು ಕಟ್ಟಿದೆ. ಮಾವನವರು ಅರ್ಧ ಊರನ್ನು ಜಗಲಿಗೆ ಕರೆದರು. ಮೋಟಾರು ಓಡಿಸುವ ಮುನಾಫ್ ಸಾಹೇಬರು ತಮ್ಮ ಗ್ರಾಮಫೋನನ್ನು ಶಿರಸಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ತಟ್ಟೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸಾಹೇಬರು ಕೀಲಿ ಕೊಟ್ಟು ಮುಳ್ಳು ಇಟ್ಟರು.

ದೇವರೇ! ಮೊದಲು ಒಂದೇ ಒಂದು ಸ್ವರ, ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ ಎಳೆಯುತ್ತಾ ಹೋಯಿತು. ಜೀವಮಾನವೆಲ್ಲ ದೊಡ್ಡಾಟಕ್ಕೆ ಮದ್ದಳೆ ಬಾರಿಸಿದ ಬೀರಜ್ಜ ಕಣ್ಣು ಮುಚ್ಚಿ ತಲೆದೂಗಿ, "ಶ್ರುತಿ ಕೂಡಸಾಕತ್ತಾನ, ಪದ ಈಗ ಸುರು ಆಕ್ಕೇತಿ" ಎಂದ. ಎಲ್ಲರೂ ಸರಿಯಾಗಿ ಕೂತರು. ಬೆಕ್ಕು ನಿಂತಿತು. ಏನೂ ಇಲ್ಲ. ಆಮೇಲೆ ನಗಾರಿಯ ಮೇಲೆ ಯಾರೋ ಮಾಡಿನಿಂದ ಬಿದ್ದ ಹಾಗೆ ಧಡಾರ್! ಮತ್ತೆ ಬೆಕ್ಕು. ಸಾಹೇಬರು ಮುಳ್ಳು ಎತ್ತಿದರು. "ಪದ ಎಲ್ಲಿ?" ಎಂದರು ಮಾವ. "ಅರೆ ಶಂಕ್ರಪ್ಪಣ್ಣ, ತಟ್ಟೆನೇ ಮುಗೀತಲ್ಲ!" ಎಂದರು ಸಾಹೇಬರು. ಕೊನೆಗೆ ಬೀರಜ್ಜನೇ ಸಮಾಧಾನ ಹೇಳಿದ: "ಹೋಗ್ಲಿ ಬಿಡು ಶಂಕ್ರಪ್ಪ, ಹುಡುಗ ಶ್ರುತಿ ಕೂಡಸೂದರಾಗ ಹೊತ್ತು ಮುಳುಗಿರಬೇಕು."

ಅತ್ತೆಯವರು ಬೇರೆಯೇ ಕಾರಣ ಕಂಡರು. ಮಗನ ಕೈಗೆ ಯಾರದೋ ಕಣ್ಣು ಬಿದ್ದಿದೆ! ಉಪ್ಪು ಮೆಣಸಿನಕಾಯಿ ನಿವಾಳಿಸಿ, ಮಗನ ಕೈಗೆ ಬದಲಾಗಿ ಆ ತಟ್ಟೆಯನ್ನೇ ಕೆಂಡದ ಹೊಗೆಗೆ ಹಿಡಿದರು. "ಅರೆ ಅವ್ವಾ, ಅದು ಅರಗಿಂದು!" ಎಂದು ಸಾಹೇಬರು ಕೂಗುವಷ್ಟರಲ್ಲಿ ನಿಮ್ಮ ವಿದ್ಯೆ ಹಪ್ಪಳದಂತೆ ಮುದುರಿತ್ತು. ಈಗ ಅದರಲ್ಲಿ ಬೆಳ್ಳುಳ್ಳಿ ಇಡುತ್ತಾರೆ. ಮಾವನವರು ಮಾತ್ರ ನಗಲಿಲ್ಲ. "ಇದಕ್ಕ ಪಗಾರ ಕೊಡೋರೂ ಹುಚ್ಚರು, ತಗೊಳಾಂವನೂ ಹುಚ್ಚ. ಕಲ್ಲವ್ವ ಅಲ್ಲಿಗೆ ಹೋಗೂದು ಬ್ಯಾಡ" ಎಂದರು. ನನ್ನ ಟ್ರಂಕು ಅಟ್ಟ ಹತ್ತಿತು. ಕಾಗದದಲ್ಲಿ ಕುಚೋದ್ಯ ಮಾಡುತ್ತಿದ್ದೇನೆಂದು ಅವತ್ತೂ ನಕ್ಕೆ ಎಂದುಕೊಳ್ಳಬೇಡಿ. ಎಮ್ಮೆಗೆ ನೀರು ಕುಡಿಸುವ ನೆಪದಲ್ಲಿ ಹಿತ್ತಲಲ್ಲಿ ಅತ್ತು ಬಂದೆ. ಮದುವೆಯಾಗಿ ಎರಡು ವರ್ಷ. ನಿಮ್ಮನ್ನು ಹಬ್ಬಕ್ಕೆ ಬರುವ ನೆಂಟರಂತೆ ನೋಡಿ ಸಾಕಾಗಿದೆ.

ಅಷ್ಟರಲ್ಲಿ ನೀವು ಪಿಟೀಲು ಬಾರಿಸಿದ ಚಿತ್ರವೇ ಶಿರಸಿಯ ಟಾಕಿ ತಂಬುವಿಗೆ ಬಂತೆಂದು ಮುನಾಫ್ ಸಾಹೇಬರು ಸುದ್ದಿ ತಂದರು. ಕಾಡಿಬೇಡಿ ಮಾವನವರನ್ನೂ ಅತ್ತೆಯವರನ್ನೂ ಹೊರಡಿಸಿದೆ. ಆ ಹುಡುಗಿ ದೀಪ ಹಿಡಿದು ಮೆಟ್ಟಿಲು ಹತ್ತುತ್ತಾಳಲ್ಲ, ಕಂಬದ ಹಿಂದೆ ಚೂರಿ ಹಿಡಿದವನು ನಿಂತಿರುತ್ತಾನಲ್ಲ, ಅಲ್ಲಿ ಬಂತು ನೋಡಿ ನಿಮ್ಮ ಬೆಕ್ಕು! ಆದರೆ ಅದು ಈಗ ಬೆಕ್ಕಲ್ಲ. ಬೆನ್ನುಹುರಿಯ ಮೇಲೆ ಯಾರೋ ತಣ್ಣನೆಯ ಬೆರಳು ಎಳೆದ ಹಾಗೆ. ಅತ್ತೆಯವರು ನನ್ನ ತೋಳಿಗೆ ಉಗುರು ನಾಟಿದರು. ಸ್ವರ ನಿಂತಾಗ ತಂಬುವಿನಲ್ಲಿ ಯಾರೂ ಉಸಿರಾಡಲಿಲ್ಲ. ಆ ನಿಶ್ಶಬ್ದದಲ್ಲಿ ನಿಮ್ಮ ತಂದೆಯವರು, ದಾಸನಕೊಪ್ಪದ ಪಂಚರಲ್ಲಿ ಒಬ್ಬರು, ಎದ್ದು ನಿಂತು ಕೂಗಿದರು: "ಏ ತಂಗಿ, ಹತ್ತಬ್ಯಾಡ! ಕಂಬದ ಹಿಂದ ಅದಾನವಾ!"

ಗೆದ್ದೆವೆಂದುಕೊಂಡೆ. ಹೊರಗೆ ಬಂದು, "ಮಾವ, ಹೇಗಿತ್ತು ಇವರ ಪಿಟೀಲು?" ಎಂದು ಕೇಳಿದೆ. ಅವರು ಹೆಗಲ ವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತಾ, "ಯಾವ ಪಿಟೀಲು? ಎಲ್ಲಿ ಬಾರಿಸಿದ?" ಎಂದುಬಿಟ್ಟರು! ಜಗಲಿಯಲ್ಲಿ ಆ ಒಂದು ಧಡಾರ್ ಬಿಟ್ಟರೆ ಪಿಟೀಲಲ್ಲದೆ ಬೇರೇನೂ ಕೇಳಿಸಲಿಲ್ಲ. ತಂಬುವಿನಲ್ಲಿ ಪಿಟೀಲೊಂದೇ ಕೇಳಿಸಲಿಲ್ಲ. ಇಂಥ ಕಸುಬನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಮಾವನವರಿಗೆ ಹೊಸ ಸಂಶಯ ಹುಟ್ಟಿತು: "ಮಾದೇವ ಅಲ್ಲಿ ಕೆಲಸಾನ ಮಾಡವಲ್ಲ. ನಾಳೆ ಮತ್ತ ಬರೂಣು, ಕಿವಿ ಕೊಟ್ಟು ಕೇಳ್ತೀನಿ. ಎಲ್ಲಿದ್ರೂ ಹಿಡೀತೀನಿ."

ಮರುದಿನ ಅಪರಾಧಿಯನ್ನು ಹಿಡಿಯಲು ಬಂದ ಫೌಜದಾರನಂತೆ ಮುಂದೆ ಕೂತರು. ಹುಡುಗಿ ಮೆಟ್ಟಿಲಿಗೆ ಕಾಲಿಟ್ಟಳು, ಅಷ್ಟರಲ್ಲಿ ಸದ್ದಿನ ಯಂತ್ರ ಕೆಟ್ಟಿತು. ಚಿತ್ರ ಓಡುತ್ತಲೇ ಇತ್ತು. ಅವಳು ಅಟ್ಟದಿಂದ ಉಪ್ಪಿನಕಾಯಿ ತರಲು ಹೊರಟವಳಂತೆ ಹತ್ತಿದಳು. ಚೂರಿಯವನು ಯಾರ ಹತ್ತಿರವಾದರೂ ಬೀಡಿ ಸಿಕ್ಕೀತೇ ಎಂದು ನಿಂತವನಂತೆ ಕಂಡ. ತಂಬು ತುಂಬ ನಗೆ! ಅತ್ತೆಯವರೂ ನಕ್ಕರು. ಮಾವನವರು ಮಾತ್ರ ನನ್ನತ್ತ ತಿರುಗಿ ಗಾಬರಿಯಿಂದ ಕೇಳಿದರು: "ನಿನ್ನೆ ಇಲ್ಲೇ ನನ್ನ ಜೀವ ಹೋಗಿತ್ತಲ್ಲ ಕಲ್ಲವ್ವ. ಅದಽ ಹುಡುಗಿ, ಅದಽ ಚೂರಿ. ಇವತ್ತ ಇಲ್ಲದ್ದು ಏನು?"

ನಾನು ಮೆಲ್ಲಗೆ, "ನಿಮ್ಮ ಮಗ, ಮಾವ" ಎಂದೆ.

ಅವರು ಮತ್ತೆ ಪರದೆಯ ಕಡೆ ನೋಡಲಿಲ್ಲ. ಇವತ್ತು ಬೆಳಿಗ್ಗೆ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಏನು ತೀರ್ಮಾನಿಸಿದ್ದಾರೋ ಕೇಳಲು ನನಗೆ ಧೈರ್ಯವಿಲ್ಲ. ಅಂಚೆಗೆ ಹೊತ್ತಾಯಿತು. ಅತ್ತೆಯವರ ಆಶೀರ್ವಾದ, ಮುನಾಫ್ ಸಾಹೇಬರ ಸಲಾಮು, ಬೀರಜ್ಜನ ಬುದ್ಧಿಮಾತು (ಬೇಗ ಶ್ರುತಿ ಕೂಡಿಸಬೇಕಂತೆ) ಎಲ್ಲವನ್ನೂ ಮಡಿಚಿ ಇಟ್ಟಿದ್ದೇನೆ.

ಇಂತು ನಿಮ್ಮ ದಾರಿ ಕಾಯುವ,
ಕಲ್ಲವ್ವ

ತಾಜಾ ಕಲಂ: ಲಕೋಟೆ ಅಂಟಿಸುವಾಗ ಅಟ್ಟದ ಮೇಲೆ ಸದ್ದಾಯಿತು. ನೋಡಿದರೆ ಮಾವನವರೇ ಟ್ರಂಕು ಇಳಿಸುತ್ತಿದ್ದಾರೆ! ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಬರಿ ಅವಂಗ. ಬರೂ ಶುಕ್ರವಾರ ಸೊಸಿನ್ನ ನಾನಽ ಕರಕೊಂಡು ಬರ್ತೀನಿ, ಟೇಸನ್ನಿಗೆ ಬಂದು ನಿಂದ್ರಂತ. ಪಿಟೀಲು ಮಾತ್ರ ತರಬ್ಯಾಡಂತ ಹೇಳು. ಅದಿಲ್ಲದನಽ ಎದಿ ಹಾರಾಕತ್ತೇತಿ."