ಹವ್ವಾಳಿಗೆ ಮನೆಸಾಲ ಸಿಕ್ಕಿದ ಬಗೆ

ಕಾರವಾರ, ಫೆಬ್ರವರಿ ೩೦, ೨೧೮೭

ನೂರೈವತ್ತು ವರ್ಷಕ್ಕೂ ಹಿಂದೆ ಬದುಕಿರುವ ಹಿರಿಯರಿಗೆ, ಶಿಫಾನಾಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಕನ್ನಡದಲ್ಲಿ ನೀವು ಕೇಳದ ಮಾತುಗಳು ಬಂದರೆ ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ.

ನಿಮಗೆ ಬರೆಯಲು ಕಾರಣ ನನ್ನ ಅಜ್ಜಿ ಹವ್ವಾ. ಆಕೆ ಮಾಲ್ದೀವ್ಸ್‌ನ ಒಂದು ಸಣ್ಣ ದ್ವೀಪದವಳು. ದ್ವೀಪದಿಂದ ದ್ವೀಪಕ್ಕೆ ಜನರನ್ನು ಸಾಗಿಸುವ ದೋಣಿ ನಡೆಸುತ್ತಿದ್ದಳು. ಸಮುದ್ರ ಏರಿ ದ್ವೀಪ ಮುಳುಗಿದಾಗ ನನ್ನ ಅಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾರವಾರಕ್ಕೆ ಬಂದಳು. ಈಗಿನ ಕಾರವಾರ ಗುಡ್ಡಗಳ ಮೇಲಿದೆ. ಹಳೆಯ ಪೇಟೆಯಿದ್ದಲ್ಲಿ ನೀರು. ಮಕ್ಕಳು ಶಾಲೆಗೆ, ನಾವು ಸಂತೆಗೆ ಹೋಗುವುದು ಬಿಸಿಲುದೋಣಿಯಲ್ಲಿ, ಅಂದರೆ ಚಾವಣಿಗೆ ಬಿದ್ದ ಬಿಸಿಲಿನಿಂದಲೇ ಓಡುವ ದೋಣಿಯಲ್ಲಿ. ಸಮುದ್ರ ಇನ್ನು ಎಲ್ಲಿಯವರೆಗೆ ಬಂದೀತೆಂದು ಎಳೆದ ಗೆರೆಗೆ ಅಲೆಗಡಿ ಎನ್ನುತ್ತೇವೆ. ಅದರ ಕೆಳಗೆ ಯಾರೂ ಮನೆ ಕಟ್ಟುವಂತಿಲ್ಲ. ಮೇಲಿನ ಮನೆಗಳು ಕಡಿಮೆ, ಬಾಡಿಗೆಯವರನ್ನು ಎಬ್ಬಿಸಲು ಮಾಲೀಕರಿಗೆ ಒಂದು ಮಾತು ಸಾಕು. ಮತ್ತೊಮ್ಮೆ ಪಾತ್ರೆ ಪಡಗ ಹೊತ್ತು ಹೊರಟಾಗ ಅಜ್ಜಿ, ಇನ್ನು ಸ್ವಂತ ಮನೆಯೇ ಸರಿ ಎಂದು ನಿರ್ಧರಿಸಿದಳು.

ಇಲ್ಲಿ ಬಿಸಿಲುದೋಣಿ ನಡೆಸಿ ಮುಂಗಡಕ್ಕೆ ಬೇಕಾದಷ್ಟು ಕೂಡಿಸಿದ್ದಳು. ಆದರೂ ಸಹಕಾರಿ ಬ್ಯಾಂಕಿನ ಸಾಲದ ಅಧಿಕಾರಿ ಗಿರಿಜಾ ಬಾಂದೇಕರ್ ಆಕೆಯ ಅರ್ಜಿ ಹಿಂತಿರುಗಿಸಿದರು. ಈ ದೇಶದಲ್ಲಿ ಆಕೆ ಎಂದೂ ಸಾಲ ಪಡೆದವಳಲ್ಲ, ತೀರಿಸಿದವಳಲ್ಲ. ನಂಬಲು ಆಧಾರವೇನು ಎಂದರು. ಅಲ್ಲಿ ದೋಣಿಗೆಂದು ಮಾಡಿದ ಸಾಲ ತೀರಿಸಿದ್ದೇನೆ ಎಂದಳು ಅಜ್ಜಿ. ತೋರಿಸೋಣವೆಂದರೆ ಆ ಊರೇ ಇರಲಿಲ್ಲ. ಅವಳು ಜಗಳವಾಡಲಿಲ್ಲ. ಸಾಲ ಕೊಟ್ಟ ಇಬ್ರಾಹಿಂ ಮಾನಿಕು ಈಗ ಕೊಲ್ಲಂನಲ್ಲಿದ್ದಾರೆ, ಬೇಕಾದರೆ ಅವರನ್ನು ಕೇಳಿ ಎಂದಷ್ಟೇ ಹೇಳಿ ಎದ್ದು ಬಂದಳು.

ಗಿರಿಜಾ ಕೇಳಲೇಬೇಕೆಂದೇನೂ ಇರಲಿಲ್ಲ; ನಿಯಮ ಅವರ ಕಡೆಗಿತ್ತು. ಆದರೆ ಆ ಶಾಂತವಾದ ಮಾತು ಅವರನ್ನು ಬಿಡಲಿಲ್ಲ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಕೊಲ್ಲಂಗೆ ಹೋದರು. ಮುದುಕರಾಗಿದ್ದ ಇಬ್ರಾಹಿಂ ನಡೆದದ್ದನ್ನು ಹೇಳಿದರು. ದ್ವೀಪ ಮುಳುಗಿದಾಗ ಅರ್ಧ ಸಾಲ ಬಾಕಿಯಿತ್ತು, ದೋಣಿಯೂ ಸಮುದ್ರದ ಪಾಲಾಗಿತ್ತು. ಅವರು ಹಣದ ಆಸೆ ಬಿಟ್ಟಿದ್ದರು. ಹವ್ವಾಳೇ ಊರೂರು ವಿಚಾರಿಸಿ ಅವರನ್ನು ಹುಡುಕಿಕೊಂಡು ಬಂದಿದ್ದಳು. ಬಾಕಿ ಮುಗಿಯುವ ತನಕ ಪ್ರತಿ ಮಳೆಗಾಲ ಕಳೆದ ಮೇಲೆ ತಪ್ಪದೆ ಬಂದು ಕೊಟ್ಟು ಹೋಗುತ್ತಿದ್ದಳು.

ಬ್ಯಾಂಕಿನ ಸಾಲ ಸಮಿತಿಯ ಮುಂದೆ ಗಿರಿಜಾ ಇದನ್ನೆಲ್ಲ ಹೇಳಿದರು. ಹಿರಿಯ ಸದಸ್ಯರೊಬ್ಬರು, ಪರದೇಶದವಳು, ನಾಳೆ ಬಿಟ್ಟು ಹೋದರೆ ಹೊಣೆ ಯಾರು ಎಂದು ಕೇಳಿದರು.

“ಊರು ಮುಳುಗಿದ ಮೇಲೂ ಹುಡ್ಕಿಕೊಂಡು ಹೋಗಿ ಸಾಲ ತೀರಿಸಿದವಳು, ಇಲ್ಲಿ ಮನೆ ಇಟ್ಕೊಂಡು ಓಡಿ ಹೋಗ್ತಾಳೆ ಅಂತೀರಾ?” ಎಂದರು ಗಿರಿಜಾ.

ಸಾಲ ಮಂಜೂರಾಯಿತು; ಅಜ್ಜಿ ಒಂದು ಕಂತನ್ನೂ ತಪ್ಪಿಸಲಿಲ್ಲ. ಮುಂದೆ ಇದೇ ರೂಢಿಯಾಯಿತು. ಹೊರನಾಡಿನಿಂದ ಬಂದವರ ಬಗ್ಗೆ ಅವರ ನಾಡಿನವರು ನುಡಿಯುವ ಸಾಕ್ಷಿಗೆ ಈಗ ‘ನಡೆಮಾತು’ ಎನ್ನುತ್ತಾರೆ, ಬ್ಯಾಂಕುಗಳು ಅದನ್ನು ಕೇಳಿಯೇ ತೀರ್ಮಾನಿಸುತ್ತವೆ.

ನಿಮ್ಮ ಕಾಲದಲ್ಲಿಯೂ ದೂರದವರು ಬಂದು ಮನೆಗೆ ಸಾಲ ಕೇಳುತ್ತಿರಬೇಕು. ಇಲ್ಲಿ ನಿನ್ನನ್ನು ಬಲ್ಲವರಿಲ್ಲ ಎನ್ನುವ ಮೊದಲು, ಅಲ್ಲಿ ಬಲ್ಲವರು ಯಾರು ಎಂದು ಒಮ್ಮೆ ಕೇಳಿ. ನನ್ನ ಕೋರಿಕೆ ಅಷ್ಟೇ.

ಬೀಗದ ಕೈ ಸಿಕ್ಕಿದ ದಿನದ್ದು ಅಮ್ಮನಿಗೆ ಒಂದೇ ನೆನಪು. ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲು ಯಾರೂ ಬಿಟ್ಟಿರಲಿಲ್ಲ. ಆ ದಿನ ಅಜ್ಜಿ ಸ್ಟೂಲ್ ಹತ್ತಿ ಮೊಳೆ ಹೊಡೆದೇ ಹೊಡೆದಳು. ತೂಗುಹಾಕಲು ಏನೂ ಇರಲಿಲ್ಲ. ಸ್ಟೂಲ್ ಅಲುಗದಂತೆ ಕೆಳಗೆ ಹಿಡಿದುಕೊಂಡು ನಿಂತವರು ಗಿರಿಜಾ.

ಮುಂದೆಂದೋ ನಿಮ್ಮವಳೇ ಆಗಲಿರುವ,
ಶಿಫಾನಾ