ಓಡುವವಳ ಫೋಟೋ

ಜೇವರ್ಗಿ, ೧೯೮೮

ಮಹಾನಂದಾ,

ನೀನು ಮನೆ ಬಿಟ್ಟು ಒಂಬತ್ತು ದಿನ. ವಿಳಾಸ ಗೊತ್ತಿಲ್ಲದಿದ್ದರೂ ಬರೆಯುತ್ತಿದ್ದೇನೆ. ಊರಿಗೆ ಅಂಜಿ ಇಷ್ಟು ದಿನ ಸುಮ್ಮನಿದ್ದವನು ಇವತ್ತು ಠಾಣೆಗೆ ಹೋದೆ. ಜಮಾದಾರರು ಫೋಟೋ ಕೇಳಿದರು. ಮನೆಯಲ್ಲಿದ್ದ ನಿನ್ನ ಹನ್ನೊಂದು ಫೋಟೋಗಳನ್ನೂ ಮುಂದಿಟ್ಟೆ. ಎಲ್ಲವೂ ಓಟದ ಪಂದ್ಯದಲ್ಲಿ ನಾನೇ ತೆಗೆದವು.

“ಒಂದರಾಗೂ ಮಾರಿ ಕಾಣಂಗಿಲ್ಲಲ್ರಿ. ಎಲ್ಲಾ ಮಸಕ ಅದಾವ,” ಎಂದರು.

ಅವನ್ನು ಹಿಡಿದು ಸ್ಟುಡಿಯೋದ ಅಬ್ದುಲ್ ಗನಿ ಸಾಹೇಬರಲ್ಲಿಗೆ ಓಡಿದೆ. ಹ್ಯಾಗಾದರೂ ಮಾಡಿ ಮುಖ ಬಿಡಿಸಿಕೊಡಿ ಎಂದು ಕೈಮುಗಿದೆ.

“ಆಗಂಗಿಲ್ರಿ. ಓಡೋರನ್ನ ಹಿಡಿಯೋ ಕ್ಯಾಮೆರಾನೇ ಬ್ಯಾರೆ. ತಗೊಳ್ಳಾಗ ಯಾರೂ ಹೇಳಲಿಲ್ಲೇನ್ರಿ?”

ನೀನು ಹೇಳಿದ್ದೆ. ಕ್ಯಾಮೆರಾ ಅಂಗಡಿಯಲ್ಲಿ ನನ್ನ ತೋಳು ಜಗ್ಗಿ ಎರಡು ಸಲ ಹೇಳಿದ್ದೆ. “ಬರೋ ವರ್ಷ ಮದುವಿ ಆಗೋಳು, ಎಷ್ಟ ದಿನ ಓಡ್ತೀ? ಇದ ಸಾಕು,” ಎಂದವನು ನಾನು.

ಮತ್ತೆ ಠಾಣೆಗೆ ಹೋದೆ. ಗುರುತು ಬರೆಸಿ ಎಂದರು.

“ಭಾಳ ಜೋರ ಓಡ್ತಾಳ್ರಿ.”

ಜಮಾದಾರರು ಪೆನ್ನು ಎತ್ತಿದರು. “ಮಾರಿ ಹ್ಯಾಂಗದ ಹೇಳ್ರಿ.”

ನಿನ್ನ ಮಚ್ಚೆ ಯಾವ ಕೆನ್ನೆಯ ಮೇಲಿದೆ ಎಂದು ನನಗೆ ನೆನಪಾಗಲಿಲ್ಲ, ಮಗಳೇ. ನಿಮ್ಮವ್ವನನ್ನು ಕೇಳಿ ಬರುತ್ತೇನೆಂದು ಎದ್ದುಬಂದೆ. ಮನೆಗೆ ಹೋಗಿ ಅವಳಲ್ಲಿ ಅದನ್ನು ಕೇಳುವ ಧೈರ್ಯವಾಗದೆ, ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ.

ನಿಮ್ಮಪ್ಪ,
ಶಾಂತಲಿಂಗಪ್ಪ